ತುಂಡಿಗೆ ಎಷ್ಟು, ಗಂಟೆಗೆ ಎಷ್ಟು

ಮನೆಯಲ್ಲಿ ಕಾಕ್‌ಟೇಲ್ ಪಾರ್ಟಿ ಎಂದ ತಕ್ಷಣ ಎಲ್ಲರೂ ಬಾಟಲಿಗಳ ಲೆಕ್ಕ ಹಾಕುತ್ತಾರೆ. ಆ ಲೆಕ್ಕ ಸುಲಭ. ಬೆಲೆ ಬಾಟಲಿಯ ಮೇಲೆಯೇ ಅಚ್ಚಾಗಿರುತ್ತದೆ, ಕೂಡಿಸಿದರೆ ಮುಗಿಯಿತು. ಕೈ ಮೀರುವುದು ಅದರ ಜೊತೆ ನೆಂಚಿಕೊಳ್ಳುವ ತಿಂಡಿಯ ಖರ್ಚು. ಎಷ್ಟು ಬೇಕೆಂದು ಗೊತ್ತಾಗದೆ ಆ್ಯಪಿನಲ್ಲಿ ತರಿಸುತ್ತೇವೆ, ತಟ್ಟೆ ಖಾಲಿಯಾದಾಗ ಗಾಬರಿಯಲ್ಲಿ ಇನ್ನೊಮ್ಮೆ ತರಿಸುತ್ತೇವೆ. ಇಲ್ಲವೇ ಎಲ್ಲವನ್ನೂ ಮನೆಯಲ್ಲೇ ಮಾಡಲು ಹೊರಟು, ಒಬ್ಬರು ಇಡೀ ಸಂಜೆ ಬಾಣಲೆಯ ಮುಂದೆ ನಿಂತುಬಿಡುತ್ತಾರೆ. ಬೆಂಗಳೂರಿನ ನಮ್ಮ ಮನೆಯಲ್ಲಿ ಗೆಳೆಯರು ಸೇರುವಾಗ ನಾನು ಈ ಎರಡರ ನಡುವಿನ ದಾರಿ ಹಿಡಿಯುತ್ತೇನೆ. ಅದಕ್ಕೆ ಬೇಕಾಗುವುದು ಎರಡೇ ಲೆಕ್ಕ: ತುಂಡಿಗೆ ಎಷ್ಟು, ಗಂಟೆಗೆ ಎಷ್ಟು.

ಮೊದಲು ತುಂಡಿನ ಲೆಕ್ಕ. ಅಡುಗೆ ಕಂಟ್ರಾಕ್ಟರುಗಳು ಸ್ಟಾರ್ಟರುಗಳನ್ನು ತಲೆಗೆ ಇಷ್ಟು ಪೀಸು ಎಂದೇ ಎಣಿಸುತ್ತಾರೆ. ಕೊನೆಯಲ್ಲಿ ಊಟವಿದ್ದರೆ ತಲೆಗೆ ಐದಾರು, ತಿಂಡಿಯೇ ಊಟವಾಗುವುದಾದರೆ ಹತ್ತು ಹನ್ನೆರಡು. ನಮ್ಮಲ್ಲಿ ಕೊನೆಗೆ ಬಿಸಿಬೇಳೆಬಾತ್, ಮೊಸರನ್ನ ಇರುವುದರಿಂದ ತಲೆಗೆ ಆರು ಸಾಕು. ಇಪ್ಪತ್ತು ಜನಕ್ಕೆ 120 ತುಂಡು. ಅರ್ಧ ಪನೀರ್, ಅರ್ಧ ಚಿಕನ್. ಕರೆದವರಲ್ಲಿ ಶನಿವಾರ ಮಾಂಸ ಮುಟ್ಟದವರಿದ್ದರೆ, ತಿಂಗಳು ಶ್ರಾವಣವಾಗಿದ್ದರೆ ಪನೀರನ್ನೇ ಹೆಚ್ಚಿಸುತ್ತೇನೆ. ಮಾಂಸ ತಿನ್ನುವವರೂ ಪನೀರ್ ಎತ್ತಿಕೊಳ್ಳುತ್ತಾರೆ, ಹಾಗಾಗಿ ಅದು ಉಳಿಯುವ ಭಯವಿಲ್ಲ.

ಒಂದು ಕಿಲೊ ಪನೀರನ್ನು ಒಂದು ಅಂಗುಲದ ಚೌಕಗಳಾಗಿ ಹೆಚ್ಚಿದರೆ ಸುಮಾರು 60 ತುಂಡು ಬರುತ್ತವೆ. 2025ರ ಸೆಪ್ಟೆಂಬರ್ 22ರಿಂದ ಪ್ಯಾಕ್ ಮಾಡಿದ ಪನೀರಿನ ಮೇಲೆ ಜಿಎಸ್‌ಟಿ ಇಲ್ಲ. ಆಗ ನಂದಿನಿ ಪನೀರಿನ ಬೆಲೆ ಕಿಲೊಗೆ 425 ರೂಪಾಯಿಯಿಂದ 408ಕ್ಕೆ ಇಳಿಯಿತು. ಆ ಬೆಲೆಗೆ ತುಂಡೊಂದಕ್ಕೆ ಏಳು ರೂಪಾಯಿಯೂ ಬೀಳುವುದಿಲ್ಲ. ಗಟ್ಟಿ ಮೊಸರು, ಕಡಲೆಹಿಟ್ಟು, ದಪ್ಪ ಮೆಣಸಿನಕಾಯಿ, ಈರುಳ್ಳಿ, ಮಸಾಲೆ ಎಲ್ಲ ಸೇರಿಸಿದರೂ ಟಿಕ್ಕಾದ ಒಂದು ತುಂಡಿಗೆ ಹತ್ತು ರೂಪಾಯಿ. ನಮ್ಮ ಬಡಾವಣೆಯ ಹೋಟೆಲುಗಳಲ್ಲಿ ಎಂಟು ತುಂಡಿನ ಪ್ಲೇಟಿಗೆ 320 ರೂಪಾಯಿ, ಅಂದರೆ ತುಂಡಿಗೆ 40. ಅದರ ಮೇಲೆ ಶೇ 5ರ ಜಿಎಸ್‌ಟಿ, ಪ್ಯಾಕಿಂಗ್, ಡೆಲಿವರಿ. ಪ್ಲೇಟುಗಳ ಲೆಕ್ಕದಲ್ಲಿ ಯೋಚಿಸುವವರಿಗೆ ಈ ನಾಲ್ಕು ಪಟ್ಟಿನ ಅಂತರ ಕಾಣುವುದೇ ಇಲ್ಲ.

ಹಾಗಾದರೆ ಎಲ್ಲವನ್ನೂ ಮನೆಯಲ್ಲೇ ಮಾಡಬೇಕೇ? ಬೇಡ. ಅದನ್ನು ತೀರ್ಮಾನಿಸುವುದೇ ಎರಡನೆಯ ಲೆಕ್ಕ. ಹೊರಗಿನ ಬೆಲೆಯಿಂದ ಮನೆಯ ಸಾಮಾನಿನ ಖರ್ಚು ಕಳೆಯಿರಿ, ಬಂದದ್ದನ್ನು ನಿಮ್ಮ ಕೆಲಸದ ಗಂಟೆಗಳಿಂದ ಭಾಗಿಸಿ. ಅಡುಗೆಮನೆಯಲ್ಲಿ ನೀವು ಕಳೆದ ಒಂದು ಗಂಟೆ ಎಷ್ಟು ಉಳಿಸಿತು ಎಂಬುದು ಆಗ ಗೊತ್ತಾಗುತ್ತದೆ. 60 ತುಂಡು ಪನೀರ್ ಟಿಕ್ಕಾ ಎಂದರೆ ಎಂಟು ಪ್ಲೇಟು, ಹೊರಗೆ 2,560 ರೂಪಾಯಿ, ಮನೆಯಲ್ಲಿ 600. ಹೆಚ್ಚಿ, ಕಲಸಿ, ಕಾವಲಿಯ ಮೇಲೆ ಸುಡುವುದಕ್ಕೆ ಎಲ್ಲ ಸೇರಿ ಎರಡು ಗಂಟೆ. ಗಂಟೆಗೆ ಸಾವಿರದ ಹತ್ತಿರ ಉಳಿಯಿತು. ಇದನ್ನು ಮನೆಯಲ್ಲಿ ಮಾಡಲೇಬೇಕು.

ಈಗ ಕೋಡುಬಳೆ ನೋಡಿ. ನಾವು ಕೊಳ್ಳುವ ಕಾಂಡಿಮೆಂಟ್ಸ್ ಅಂಗಡಿಯಲ್ಲಿ ಕಿಲೊಗೆ 400 ರೂಪಾಯಿ. ಮನೆಯಲ್ಲಿ ಅಕ್ಕಿಹಿಟ್ಟು, ಚಿರೋಟಿ ರವೆ, ಕೊಬ್ಬರಿ, ಬೆಣ್ಣೆ, ಎಣ್ಣೆ ಎಂದು 200ರ ಹತ್ತಿರ ಆಗುತ್ತದೆ. ನಾದಿ, ಹೊಸೆದು, ಬಳೆ ಸುತ್ತಿ, ಸಣ್ಣ ಉರಿಯಲ್ಲಿ ಕರಿದು ಮುಗಿಸುವಷ್ಟರಲ್ಲಿ ಮೂರು ಗಂಟೆ ಕಳೆದಿರುತ್ತದೆ. ಗಂಟೆಗೆ ಎಪ್ಪತ್ತು ರೂಪಾಯಿಯೂ ಉಳಿಯಲಿಲ್ಲ. ಹಬ್ಬಕ್ಕೆ ಅಮ್ಮನ ಜೊತೆ ಕೂತು ಕೋಡುಬಳೆ ಸುತ್ತುವ ಸಂತೋಷಕ್ಕೆ ಬೆಲೆ ಕಟ್ಟಲಾಗದು, ಆದರೆ ಪಾರ್ಟಿಯ ಹಿಂದಿನ ದಿನ ಅದು ಬೇಕಿಲ್ಲ. ಕೋಡುಬಳೆ, ನಿಪ್ಪಟ್ಟು, ಬಾಳೆಕಾಯಿ ಚಿಪ್ಸ್ ಅಂಗಡಿಯಿಂದಲೇ ಬರಲಿ. ವರ್ಷವಿಡೀ ಅದನ್ನೇ ಮಾಡುವ ಕೈಗಳಿಗೆ ಕೊಡುವ ದುಡ್ಡು ವ್ಯರ್ಥವಲ್ಲ.

ಈ ಪರೀಕ್ಷೆಯಲ್ಲಿ ಸುಲಭವಾಗಿ ಗೆಲ್ಲುವುದು ಕಡಲೆಕಾಳಿನ ಉಸಲಿ. ಒಂದು ಕಿಲೊ ಕಾಳು ರಾತ್ರಿ ನೆನೆದು ಬೆಂದರೆ ಎರಡು ಕಿಲೊ ದಾಟುತ್ತದೆ, ಇಪ್ಪತ್ತು ಜನಕ್ಕೆ ತಲೆಗೆ ನೂರು ಗ್ರಾಂ. ಕುಕ್ಕರಿನಲ್ಲಿ ಬೇಯುವಾಗ ಯಾರೂ ಕಾಯುತ್ತ ನಿಲ್ಲಬೇಕಾಗಿಲ್ಲ. ಸಾಸಿವೆ, ಕರಿಬೇವು, ಇಂಗಿನ ಒಗ್ಗರಣೆ, ಮೇಲೆ ಕಾಯಿತುರಿ, ಮಾವಿನಕಾಯಿ ಸಿಕ್ಕರೆ ಅದರ ತುರಿ. ಎಲ್ಲ ಸೇರಿ 180 ರೂಪಾಯಿ. ಹುರಿದ ಕಡಲೆಬೀಜಕ್ಕೆ ಈರುಳ್ಳಿ, ಟೊಮೆಟೊ, ಕೊತ್ತಂಬರಿ, ನಿಂಬೆರಸ ಬೆರೆಸಿದ ಮಸಾಲೆ ಕಡಲೆಬೀಜವೂ ಇದೇ ಸಾಲಿನದು. ಚಿಕನ್‌ಗೆ ನಾನು ಕುಂದಾಪುರದ ಘೀ ರೋಸ್ಟ್ ಆರಿಸಿಕೊಳ್ಳುತ್ತೇನೆ. ಬ್ಯಾಡಗಿ ಮೆಣಸಿನಕಾಯಿಯ ಮಸಾಲೆಯನ್ನು ಹಿಂದಿನ ದಿನವೇ ಅರೆದು ಫ್ರಿಜ್ಜಿನಲ್ಲಿಡಬಹುದು, ಮರುದಿನ ತುಪ್ಪದಲ್ಲಿ ಹುರಿಯುವುದಷ್ಟೇ ಬಾಕಿ. ಮೂಳೆಯಿಲ್ಲದ 1.2 ಕಿಲೊ ಮಾಂಸದಲ್ಲಿ 20 ಗ್ರಾಮಿನ 60 ತುಂಡು. ತುಪ್ಪ, ಮಸಾಲೆ ಸೇರಿ 650 ರೂಪಾಯಿ ದಾಟದು.

ನಾನು ಪಟ್ಟಿಯಿಂದ ಗಟ್ಟಿಯಾಗಿ ಹೊರಗಿಡುವುದು ಬಿಸಿಬಿಸಿಯಾಗಿ ಕರಿದು ಕೊಡಬೇಕಾದ ಬಜ್ಜಿ, ಅಂಬೊಡೆ, ಪಕೋಡಗಳನ್ನು. ಸಾಮಾನಿನ ದೃಷ್ಟಿಯಿಂದ ಅವೇ ಅತ್ಯಂತ ಅಗ್ಗ. ಗ್ಯಾಸಿನ ಖರ್ಚೂ ದೊಡ್ಡದಲ್ಲ: 14.2 ಕಿಲೊ ಸಿಲಿಂಡರಿಗೆ 860 ರೂಪಾಯಿ ಎಂದುಕೊಂಡರೂ, ಗಂಟೆಗೆ 200 ಗ್ರಾಂ ಉರಿಯುವ ದೊಡ್ಡ ಒಲೆಗೆ ಹನ್ನೆರಡು ರೂಪಾಯಿ. ಆದರೆ ಬಾಣಲೆಯಲ್ಲಿ ಉಳಿಯುವ ಎಣ್ಣೆಯೂ ಖರ್ಚೇ. ಕಾದು ಕಾದು ಎಣ್ಣೆ ಕೆಡುತ್ತದೆ. ಅದರಲ್ಲಿ ಹುಟ್ಟುವ ಪೋಲಾರ್ ಸಂಯುಕ್ತಗಳು ಶೇ 25 ಮೀರಿದರೆ ಆ ಎಣ್ಣೆಯನ್ನು ಬಳಸಬಾರದೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈನಿಂದ ನಿಯಮ ತಂದಿದೆ. ಮನೆಯಲ್ಲಿ ಅದನ್ನು ಅಳೆಯುವ ಸಾಧನವಿಲ್ಲ. ಹಾಗಾಗಿ ಮತ್ತೆ ಮತ್ತೆ ಕಾಯಿಸದೆ ಚೆಲ್ಲುವುದೇ ಕ್ಷೇಮ. ಇನ್ನು ಕರಿಯುತ್ತ ನಿಂತವರ ಸಂಜೆಯನ್ನು ಯಾವ ಬಿಲ್ಲೂ ತೋರಿಸುವುದಿಲ್ಲ.

ಉಳಿಸುವುದಕ್ಕೆ ಇನ್ನೊಂದು ಜಾಗ, ಬಡಿಸುವ ಹೊತ್ತು. ಬೆಂದ ಪದಾರ್ಥ ಕೋಣೆಯ ಉಷ್ಣಾಂಶದಲ್ಲಿ ಎರಡು ಗಂಟೆಗಿಂತ ಹೆಚ್ಚು ಇರಬಾರದು, ಆದರೆ ಪಾರ್ಟಿ ನಾಲ್ಕು ಗಂಟೆ ನಡೆಯುತ್ತದೆ. ಎಲ್ಲವನ್ನೂ ಒಟ್ಟಿಗೆ ಮೇಜಿನ ಮೇಲಿಟ್ಟರೆ ಉಳಿದದ್ದನ್ನು ಎಸೆಯಲೇಬೇಕು. ನಾನು ಮೂರು ಕಂತಿನಲ್ಲಿ ಹೊರತರುತ್ತೇನೆ, ದೊಡ್ಡ ಕಂತು ಮೊದಲನೆಯದು. ಆಫೀಸು ಮುಗಿಸಿ ಟ್ರಾಫಿಕ್ ದಾಟಿ ಬಂದವರು ಹಸಿದಿರುತ್ತಾರೆ. ಹೊಟ್ಟೆಯಲ್ಲಿ ಆಹಾರವಿದ್ದರೆ ಮದ್ಯ ಸಣ್ಣ ಕರುಳಿಗೆ ನಿಧಾನವಾಗಿ ಇಳಿಯುತ್ತದೆ, ರಕ್ತಕ್ಕೆ ನಿಧಾನವಾಗಿ ಸೇರುತ್ತದೆ. ಅದಕ್ಕೇ ಮೊದಲ ಗ್ಲಾಸಿನ ಜೊತೆಗೇ ಉಸಲಿ, ಪನೀರ್ ಕೈಗೆ ಸಿಗಬೇಕು. ಬರಿ ಉಪ್ಪಿನ ಚಿಪ್ಸ್ ಇಟ್ಟರೆ ಬಾಯಾರಿಕೆ ಹೆಚ್ಚಿ ಬಾಟಲಿಯೂ ಬೇಗ ಖಾಲಿಯಾಗುತ್ತದೆ.

ಕುಡಿಯದವರನ್ನು ಮರೆಯಬೇಡಿ. ಸಕ್ಕರೆ ಬೆರೆಸಿದ ಸೋಡಾ ಪಾನೀಯಗಳ ಮೇಲೆ ಈಗ ಶೇ 40 ಜಿಎಸ್‌ಟಿ ಇದೆ. ಅದೇ ಹಣದಲ್ಲಿ ಪುನರ್ಪುಳಿ ಶರಬತ್ತು, ಮಸಾಲೆ ಮಜ್ಜಿಗೆ ಹೆಚ್ಚು ಜನಕ್ಕೆ ಆಗುತ್ತವೆ, ಖಾರದ ಘೀ ರೋಸ್ಟ್ ಜೊತೆ ಇನ್ನೂ ಚೆನ್ನಾಗಿ ಹೊಂದುತ್ತವೆ. ಕುಡಿದವರನ್ನು ಕ್ಯಾಬಿನಲ್ಲೇ ಕಳಿಸಿ. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದ ಮದ್ಯದೊಂದಿಗೆ ವಾಹನ ಓಡಿಸಿದರೆ ಮೊದಲ ಸಲವೇ ದಂಡ 10,000 ರೂಪಾಯಿ, ಜೈಲೂ ಆಗಬಹುದು. ಜೀವದ ಮಾತು ಅದಕ್ಕಿಂತ ದೊಡ್ಡದು.

ಈಗ ಒಟ್ಟು ಕೂಡಿಸೋಣ. ಪನೀರ್ 600, ಚಿಕನ್ 650, ಉಸಲಿ 180, ಅಂಗಡಿಯ ಕುರುಕಲು ತಿಂಡಿ 400, ಕಡಲೆಬೀಜ 170. ಇಪ್ಪತ್ತು ಜನಕ್ಕೆ 2,000 ರೂಪಾಯಿ, ತಲೆಗೆ ನೂರು. ಪನೀರ್ ಮತ್ತು ಚಿಕನ್ ಎರಡನ್ನೇ ಹೊರಗಿನಿಂದ ತರಿಸಿದ್ದರೆ, ಚಿಕನ್ ಪ್ಲೇಟಿಗೆ 350ರಂತೆ, ತೆರಿಗೆ ಸೇರಿ 5,600 ದಾಟುತ್ತಿತ್ತು. ಆ ಎರಡು ಪದಾರ್ಥದಲ್ಲೇ ನಾಲ್ಕು ಸಾವಿರಕ್ಕೂ ಹೆಚ್ಚು ಉಳಿಯಿತು.

ಆ ಉಳಿತಾಯ ಗಾಳಿಯಿಂದ ಬಂದದ್ದಲ್ಲ, ಯಾರದೋ ದುಡಿಮೆಯಿಂದ ಬಂದದ್ದು. ‘ಮನೆಯಲ್ಲೇ ಮಾಡಿದರೆ ಅಗ್ಗ’ ಎನ್ನುವವರು ಸಾಮಾನಿನ ಚೀಟಿಯನ್ನಷ್ಟೇ ನೋಡಿರುತ್ತಾರೆ. ಮಾಡಿದವರ ಗಂಟೆಗಳು ಬಹುಪಾಲು ಮನೆಗಳಲ್ಲಿ ಒಬ್ಬ ಹೆಂಗಸಿನ ಲೆಕ್ಕಕ್ಕೇ ಬೀಳುತ್ತವೆ, ಮರುದಿನದ ಪಾತ್ರೆಯ ರಾಶಿ ಇನ್ನೊಬ್ಬ ಹೆಂಗಸಿನ ಲೆಕ್ಕಕ್ಕೆ. ನಮ್ಮಲ್ಲಿ ಹೆಚ್ಚುವುದು, ಸುಡುವುದು ಗಂಡನ ಪಾಲು, ಮಸಾಲೆ ನನ್ನದು. ಅತಿಥಿಗಳು ಬಂದ ಮೇಲೆ ಒಲೆಯ ಕೆಲಸ ಸರದಿಯಲ್ಲಿ. ಉಳಿದ ಹಣದಲ್ಲಿ ಒಂದು ಸಾವಿರ, ಮರುದಿನ ಪಾತ್ರೆ ತೊಳೆಯಲು ಬರುವವರಿಗೆ, ತಿಂಗಳ ಸಂಬಳದ ಹೊರತಾಗಿ. ಮುಂಚೆಯೇ ಹೇಳಿ, ಅವರು ಒಪ್ಪಿದ ಮೇಲೇ ತಾರೀಕು ಗೊತ್ತುಮಾಡುತ್ತೇನೆ. ನಿಮ್ಮ ಪಾರ್ಟಿಯ ಬಜೆಟ್ ಬರೆಯುವಾಗ ಈ ಸಾಲನ್ನು ಪನೀರಿಗಿಂತ ಮೊದಲು ಬರೆಯಿರಿ. ಅದನ್ನು ಕೊಟ್ಟ ಮೇಲೂ ಕೈಯಲ್ಲಿ ಉಳಿದದ್ದೇ ನಿಜವಾದ ಉಳಿತಾಯ.