ಓದಿದ ಪುಸ್ತಕದ ವಿಷಯವಾಗಿ ಅಭಿಪ್ರಾಯ ಹೇಳುವುದು

ಪುಸ್ತಕವೊಂದನ್ನು ಓದಿ ಮುಗಿಸಿದ ವಿದ್ಯಾರ್ಥಿಯನ್ನು ‘ಹೇಗಿದೆ?’ ಎಂದು ಕೇಳಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ ‘ಚೆನ್ನಾಗಿದೆ’ ಎಂಬುದೊಂದೇ. ಈ ಉತ್ತರ ಸುಳ್ಳಲ್ಲ. ಆದರೆ ಇದರಿಂದ ಪುಸ್ತಕದ ಸ್ವರೂಪವಾಗಲಿ, ಓದಿದವನ ಮನಸ್ಸಾಗಲಿ ಕೇಳಿದವನಿಗೆ ತಿಳಿಯುವುದಿಲ್ಲ. ಕಾರಣಸಹಿತವಾದ ಮೆಚ್ಚಿಕೆಯನ್ನು ಅಥವಾ ಕಾರಣಸಹಿತವಾದ ಅಸಮ್ಮತಿಯನ್ನು ಮಾತ್ರ ನಾವು ಅಭಿಪ್ರಾಯವೆನ್ನಬಹುದು. ಆ ಕಾರಣವೂ ಎಲ್ಲ ಪುಸ್ತಕಗಳಿಗೆ ಒಂದೇ ಆಗಿರಲಾರದು. ಕಾದಂಬರಿಗೆ ಕೇಳಬೇಕಾದ ಪ್ರಶ್ನೆಯನ್ನು ಕಾವ್ಯಕ್ಕೆ ಕೇಳಿ ಪ್ರಯೋಜನವಿಲ್ಲ.

ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ತೆಗೆದುಕೊಳ್ಳೋಣ. 1933ರಲ್ಲಿ ಪ್ರಕಟವಾದ ಈ ಕಾದಂಬರಿಯ ನಾಯಕ ಅಸ್ಪೃಶ್ಯನೆನಿಸಿಕೊಂಡ ಒಬ್ಬ ಜೀತದಾಳು. ತನ್ನದೇ ಆದ ತುಂಡು ಗದ್ದೆಯನ್ನು ಉಳಬೇಕೆಂಬುದು ಅವನ ಆಸೆ. ಎತ್ತುಗಳಿವೆ, ಭೂಮಿಯಿಲ್ಲ. ‘ಕಥೆ ದುಃಖಕರವಾಗಿದೆ’ ಎಂದು ಹೇಳಿ ನಿಲ್ಲಿಸುವವರು ಬಹಳ. ನಾವು ಮುಂದಕ್ಕೆ ಕೇಳಬೇಕು: ಈ ದುಃಖಕ್ಕೆ ಹೊಣೆ ಯಾರು? ಒಡೆಯನೊಬ್ಬನೇ ಎಂದು ಒಬ್ಬ ವಿದ್ಯಾರ್ಥಿ ಹೇಳಬಹುದು. ಊರಿನ ಕಟ್ಟುಪಾಡು ಎಂದು ಮತ್ತೊಬ್ಬನು ವಾದಿಸಬಹುದು. ಇಬ್ಬರೂ ಪುಸ್ತಕವನ್ನು ತೆರೆದು ತಮ್ಮ ಮಾತಿಗೆ ಆಧಾರವಾದ ಪುಟವನ್ನು ತೋರಿಸಲಿ. ಚೋಮನು ಮಾತಿನಲ್ಲಿ ಹೇಳಲಾರದುದನ್ನು ದುಡಿಯಲ್ಲಿ ಹೇಗೆ ಹೇಳುತ್ತಾನೆಂಬುದು ಆಗ ತಾನಾಗಿ ಚರ್ಚೆಗೆ ಬರುತ್ತದೆ. ಅಭಿಪ್ರಾಯಭೇದದಿಂದ ಪುಸ್ತಕಕ್ಕೆ ಹಾನಿಯಿಲ್ಲ. ಅದು ಎರಡನೆಯ ಸಲ ಓದಿಸಿಕೊಳ್ಳುತ್ತದೆ.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಕೂಡ ಕಾದಂಬರಿಯೇ. ಆದರೂ ಅದರ ಪ್ರಶ್ನೆ ಬೇರೆ. ಊರವರ ಕಣ್ಣಿಗೆ ದಡ್ಡನಾದ ಮಂದಣ್ಣನು ವಿಜ್ಞಾನಿಯ ಕಣ್ಣಿಗೆ ಪ್ರಕೃತಿಯನ್ನು ಬಲ್ಲವನಾಗಿ ಕಾಣುವುದೇಕೆ? ಕೊನೆಗೂ ಹಾರುವ ಓತಿ ಕೈಗೆ ಸಿಕ್ಕಲಿಲ್ಲವಲ್ಲ ಎಂದು ಕೆಲವು ಮಕ್ಕಳು ಬೇಸರಪಡುವುದುಂಟು. ಅದೂ ಅಭಿಪ್ರಾಯವೇ, ಅದನ್ನು ಅಳುಕಿಲ್ಲದೆ ಹೇಳಬೇಕು.

ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಕಥೆಯಲ್ಲ, ಸಸ್ಯಶಾಸ್ತ್ರ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದ ಅವರು ಶಿಷ್ಯರೊಡನೆ ಕಾಡು ಸುತ್ತಿದ ವೃತ್ತಾಂತ ಇದರಲ್ಲಿದೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಬಂದಿತು. ಇದನ್ನು ಓದಿ ನಗದವನು ಪುಸ್ತಕವನ್ನು ತಲೆಕೆಳಗಾಗಿ ಹಿಡಿದಿರಬೇಕು! ಇಂಥ ಪುಸ್ತಕದ ಪರೀಕ್ಷೆ ಹಿತ್ತಿಲಿನಲ್ಲಿ: ಓದಿದ ಮೇಲೆ ಒಂದು ಗಿಡವನ್ನಾದರೂ ಮೊದಲಿಗಿಂತ ಸೂಕ್ಷ್ಮವಾಗಿ ನೋಡಿದೆವೆ?

ಮಂಜೇಶ್ವರದ ಗೋವಿಂದ ಪೈಗಳ ‘ಗೊಲ್ಗೊಥಾ’ ಯೇಸುವಿನ ಕೊನೆಯ ದಿನವನ್ನು ಕುರಿತ ಕಾವ್ಯ. ಶಬ್ದಗಳು ಕಠಿನವೆಂದು ಮಕ್ಕಳು ಹಿಂಜರಿಯುತ್ತಾರೆ. ಅರ್ಥಕ್ಕಿಂತ ಮೊದಲು ಗಟ್ಟಿಯಾಗಿ ಓದಿ, ಕಿವಿಗೆ ಏನು ಕೇಳಿಸಿತೆಂಬುದನ್ನು ಹೇಳಿದರೆ ಸಾಕು.

ಇನ್ನು ಹೆತ್ತವರಲ್ಲಿ ಒಂದು ಮಾತು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ತರುವಾಯ ಕಚೇರಿಯ ಭಾಷೆ ಬದಲಾಯಿತು. ನಮ್ಮ ಅನೇಕ ಮಕ್ಕಳಿಗೆ ಕನ್ನಡವು ಪಾಠಪುಸ್ತಕದಲ್ಲಿ ಮಾತ್ರ ಕಾಣುವ, ಅಂಕಗಳಿಗಾಗಿ ಕಲಿಯುವ ಭಾಷೆಯಾಗುತ್ತಿದೆ. ಪಾಠದ ಹೊರಗಿನ ಪುಸ್ತಕ ಓದುವುದು ಕಾಲಹರಣವೆಂದು ಗದರಿಸಿದರೆ ಉಳಿದಿರುವ ಆ ಬಾಗಿಲೂ ಮುಚ್ಚುತ್ತದೆ. ಬದಲಾಗಿ, ರಾತ್ರಿ ಊಟಕ್ಕೆ ಕುಳಿತಾಗ ‘ಏನು ಓದಿದೆ?’ ಎಂದು ಕೇಳಿರಿ. ಉತ್ತರ ತುಳುವಿನಲ್ಲಿಯೋ ಮಲಯಾಳದಲ್ಲಿಯೋ ಕೊಂಕಣಿಯಲ್ಲಿಯೋ ಬಂದರೆ ಬರಲಿ. ಗೋವಿಂದ ಪೈಗಳ ಮನೆಮಾತು ಕೊಂಕಣಿಯೇ ಆಗಿತ್ತು. ಕನ್ನಡ ಓದಲು ಬಾರದ ತಾಯಿಗೆ ಚೋಮನ ಕಥೆಯನ್ನು ಮನೆಮಾತಿನಲ್ಲಿ ಹೇಳಹೊರಟ ಹುಡುಗಿ, ಕಾರಂತರ ಒಂದೊಂದು ಮಾತಿಗೂ ಸರಿಯಾದ ಮಾತನ್ನು ಹುಡುಕುತ್ತಾ ಪುಸ್ತಕವನ್ನು ಮತ್ತೆ ಬಿಡಿಸಬೇಕಾಗುತ್ತದೆ.