ನಾಲ್ವರಿಗೂ ಕೆಲಸ ಕೊಡುವ ಗಣಿತ ರಿಲೇ: ಒಂದು ಅಭ್ಯಾಸ ಪಾಠ

ತರಗತಿ: 10
ವಿಷಯ: ಗಣಿತ (ಪುನರಾವರ್ತನೆ)
ಅವಧಿ: 40 ನಿಮಿಷ

ಪೀಠಿಕೆ

ಪ್ರೌಢಶಾಲೆಯ ಗಣಿತ ರಸಪ್ರಶ್ನೆಯಲ್ಲಿ ತಂಡಗಳನ್ನು ಮಾಡುವುದು ರೂಢಿ. ಆದರೆ ಪ್ರಶ್ನೆ ಓದಿ ಮುಗಿಯುವಷ್ಟರಲ್ಲಿ ತಂಡದ ಚುರುಕಾದ ವಿದ್ಯಾರ್ಥಿ ಉತ್ತರ ಹೇಳಿಬಿಡುತ್ತಾನೆ. ಉಳಿದವರ ಪಾಲಿಗೆ ಬರುವುದು ಚಪ್ಪಾಳೆ. ತಂಡ ಬಹುಮಾನ ಪಡೆದರೂ ಅವರು ಒಂದು ಲೆಕ್ಕವನ್ನೂ ಮಾಡಿರುವುದಿಲ್ಲ.

ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್ 1959ರಲ್ಲಿ ಆರಂಭವಾಯಿತು. ಭಾರತ ಭಾಗವಹಿಸತೊಡಗಿದ್ದು 1989ರಿಂದ. ಅಲ್ಲಿ ದೇಶಕ್ಕೆ ಆರು ಮಂದಿಯ ತಂಡವಿದ್ದರೂ ಪ್ರತಿಯೊಬ್ಬರೂ ಒಂಟಿಯಾಗಿಯೇ ಸಮಸ್ಯೆ ಬಿಡಿಸಬೇಕು. ಅಮೆರಿಕದಲ್ಲಿ 1976ರಿಂದ ನಡೆಯುತ್ತಿರುವ ಪ್ರಾಂತೀಯ ತಂಡಗಳ ಗಣಿತ ಲೀಗ್‌ನಲ್ಲಿ ಮಾತ್ರ ರಿಲೇ ಸುತ್ತು ಇದೆ. ಒಬ್ಬರ ಉತ್ತರ ಸಿಗದೆ ಮುಂದಿನವರ ಲೆಕ್ಕ ಮುಗಿಯುವುದಿಲ್ಲ. ನಮ್ಮ ಅಭ್ಯಾಸ ಬೋಧನೆಗೆ ಒಗ್ಗುವುದು ಈ ಕ್ರಮ.

ಪ್ರೇರಣೆಗೆ ಹಾಕಿಯನ್ನೇ ಬಳಸಬಹುದು. 1997ರಲ್ಲಿ ವಿರಾಜಪೇಟೆ ಹತ್ತಿರದ ಕರಡದಲ್ಲಿ ಆರಂಭವಾದ ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು ಮಕ್ಕಳು ಬಲ್ಲರು. "ಚೆಂಡನ್ನು ಪಾಸ್ ಮಾಡದೆ ಒಬ್ಬರೇ ಆಡಿದರೆ ಏನಾಗುತ್ತದೆ?" ಎಂದು ಕೇಳಿ ಪಾಠಕ್ಕೆ ಬನ್ನಿ.

ಉದ್ದೇಶಗಳು

1. ನಾಲ್ಕು ಘಟಕಗಳ ಮೂಲಭೂತ ಕೌಶಲಗಳನ್ನು ಪುನರಾವರ್ತಿಸುವುದು.
2. ಕೈಗೆ ಬಂದ ಉತ್ತರವನ್ನು ಬಳಸುವ ಮೊದಲು ಪರೀಕ್ಷಿಸುವ ಅಭ್ಯಾಸ ಬೆಳೆಸುವುದು.

ಚಟುವಟಿಕೆ

ನಾಲ್ವರಂತೆ ತಂಡ ಮಾಡಿ, ಒಬ್ಬರ ಹಿಂದೆ ಒಬ್ಬರನ್ನು ಕೂರಿಸಿ. ಎಲ್ಲರಿಗೂ ಏಕಕಾಲದಲ್ಲಿ ಅವರವರ ಚೀಟಿ ಕೊಡಿ. 'ತ' ಎಂದರೆ ಮುಂದೆ ಕುಳಿತವರಿಂದ ಬಂದ ಉತ್ತರ.

ಚೀಟಿ 1: 3, 7, 11, … ಸಮಾಂತರ ಶ್ರೇಢಿಯ 10ನೇ ಪದ ಯಾವುದು?
ಚೀಟಿ 2: ತ ಮತ್ತು 65ರ ಮ.ಸಾ.ಅ. ಎಷ್ಟು?
ಚೀಟಿ 3: ಲಂಬಕೋನ ತ್ರಿಭುಜದ ವಿಕರ್ಣ ತ, ಒಂದು ಬಾಹು 5. ಇನ್ನೊಂದು ಬಾಹು ಎಷ್ಟು?
ಚೀಟಿ 4: x² − 7x + ತ = 0 ಸಮೀಕರಣದ ದೊಡ್ಡ ಮೂಲ ಯಾವುದು?

ಉತ್ತರಗಳು ಕ್ರಮವಾಗಿ 39, 13, 12, 4.

ನಿಯಮಗಳು: ಮಾತಿಲ್ಲ, ಉತ್ತರ ಮಾತ್ರ ಹಿಂದಕ್ಕೆ ಹೋಗಬೇಕು. ಅನುಮಾನ ಬಂದರೆ ಚೀಟಿಯನ್ನು ಮರಳಿಸಬಹುದು. ಅದಕ್ಕೆ ಅಂಕ ಕಳೆಯುವುದಿಲ್ಲ. ಸುತ್ತಿಗೆ ಆರು ನಿಮಿಷ.

ಕಾಯುವವರಿಗೂ ಕೆಲಸ

ಉತ್ತರ ಬರುವ ತನಕ ಹಿಂದಿನವರು ಸುಮ್ಮನೆ ಕೂರಬೇಕಾಗಿಲ್ಲ. ತಮಗೆ ಬರುವ ಉತ್ತರ 1, 5, 13, 65ರಲ್ಲಿ ಒಂದೇ ಆಗಿರಬೇಕೆಂದು ಎರಡನೆಯವರು 65ರ ಅಪವರ್ತನಗಳಿಂದ ತಿಳಿಯಬಹುದು. ವಿಕರ್ಣ 5ಕ್ಕಿಂತ ಹೆಚ್ಚಿರಬೇಕೆಂದು ಮೂರನೆಯವರು ಗುರುತಿಸಿಕೊಳ್ಳಬಹುದು. ಮೊತ್ತ 7 ಆಗುವ ಧನ ಪೂರ್ಣಾಂಕ ಜೋಡಿಗಳ ಗುಣಲಬ್ಧಗಳು 6, 10, 12 ಎಂದು ನಾಲ್ಕನೆಯವರು ಬರೆದಿಟ್ಟುಕೊಳ್ಳಬಹುದು.

ತಪ್ಪನ್ನು ಹಿಡಿಯುವುದು ಈ ಸಿದ್ಧತೆಯೇ. ಮೊದಲನೆಯವರು ಒಂಬತ್ತರ ಬದಲು ಹತ್ತು ಬಾರಿ 4 ಕೂಡಿದರೆ 43 ಬರುತ್ತದೆ. 43 ಮತ್ತು 65ರ ಮ.ಸಾ.ಅ. 1, ಎರಡನೆಯವರಿಗೆ ಏನೂ ತೋಚದು. ಆದರೆ ವಿಕರ್ಣ 1, ಬಾಹು 5 ಇರುವ ಲಂಬಕೋನ ತ್ರಿಭುಜ ಇಲ್ಲ. ಮೂರನೆಯವರು ಚೀಟಿ ಮರಳಿಸುತ್ತಾರೆ. ಅವರೇ ವರ್ಗಗಳನ್ನು ಕಳೆಯುವ ಬದಲು ಕೂಡಿದರೆ √194 ಹೋಗುತ್ತದೆ. ಆಗ ಶೋಧಕ ಋಣವಾಗಿ, ನಾಲ್ಕನೆಯವರಿಗೆ ವಾಸ್ತವ ಮೂಲಗಳೇ ಸಿಗುವುದಿಲ್ಲ.

ಹೀಗೆ ಹಿಂದುಳಿದವನೆಂದು ಬದಿಗಿಟ್ಟ ವಿದ್ಯಾರ್ಥಿಯೂ ಇಡೀ ತಂಡವನ್ನು ಉಳಿಸಬಹುದು. ಅವಕಾಶ ಎಲ್ಲರಿಗೂ ಸಿಗಲು ಪ್ರತಿ ಸುತ್ತಿಗೂ ಸ್ಥಾನ ಬದಲಿಸಿ. ಜಾಣರನ್ನು ಸದಾ ಕೊನೆಗೆ ಕೂರಿಸಬೇಡಿ.

ಮೌಲ್ಯಮಾಪನ

ಸರಿಯಾದ ಅಂತಿಮ ಉತ್ತರಕ್ಕೆ 4 ಅಂಕ. ತಪ್ಪನ್ನು ಗುರುತಿಸಿ ಚೀಟಿ ಮರಳಿಸಿದ್ದಕ್ಕೆ 2 ಅಂಕ. ವೇಗಕ್ಕೆ ಅಂಕವಿಲ್ಲ. ಕೊನೆಯ ಹತ್ತು ನಿಮಿಷ, ಚೀಟಿ ಮರಳಿಸಿದವರು ತಮ್ಮ ಕಾರಣವನ್ನು ಕಪ್ಪುಹಲಗೆಯ ಮೇಲೆ ವಿವರಿಸಲಿ. ಪಾಠ ವೀಕ್ಷಿಸುವ ಮಾರ್ಗದರ್ಶಕರು ಯಾರು ಗೆದ್ದರು ಎಂಬುದಕ್ಕಿಂತ, ಯಾರ ಕೈಯಲ್ಲಿ ಪೆನ್ಸಿಲ್ ಆಡಲಿಲ್ಲ ಎಂಬುದನ್ನು ದಾಖಲಿಸಬೇಕು.

ಪ್ರಶಿಕ್ಷಣಾರ್ಥಿಗಳಿಗೆ ಅಭ್ಯಾಸ

ಇಂಥದೇ ನಾಲ್ಕು ಚೀಟಿಗಳನ್ನು ರಚಿಸಿ. ಪ್ರತಿ ಚೀಟಿಯಲ್ಲೂ ಮಕ್ಕಳು ಸಾಮಾನ್ಯವಾಗಿ ಮಾಡುವ ಒಂದು ತಪ್ಪನ್ನು ಊಹಿಸಿ, ಅದು ಮುಂದೆ ಯಾರ ಬಳಿ ಸಿಕ್ಕಿಬೀಳುತ್ತದೆ ಎಂದು ನೋಡಿ. ಎಲ್ಲಿಯೂ ಸಿಕ್ಕಿಬೀಳದಿದ್ದರೆ ಸಂಖ್ಯೆಗಳನ್ನು ಬದಲಿಸಿ.