ಪಾದರಕ್ಷೆಯ ಕಲೆ ಮತ್ತು ಕಲೆಗಾರನ ಹೆಸರು

ಕನ್ನಡದಲ್ಲಿ ‘ಉಡುಗೆ-ತೊಡುಗೆ’ ಎಂಬುದು ಒಂದೇ ಉಸಿರಿನಲ್ಲಿ ಆಡುವ ಜೋಡುನುಡಿ. ಆದರೂ ಅದರ ಎರಡು ಪದಗಳಿಗೆ ಬೇರೆ ಬೇರೆ ಅರ್ಥವುಂಟು. ಮೈಗೆ ಸುತ್ತಿಕೊಳ್ಳುವ ವಸ್ತ್ರ ಉಡುಗೆ. ಅದರ ಜೊತೆಗೆ ಧರಿಸುವ ಅಂಗಿ, ಆಭರಣ ಮೊದಲಾದವು ತೊಡುಗೆ. ಇಂದಿನ ತರುಣರು ‘ಫ್ಯಾಷನ್ ಆ್ಯಕ್ಸೆಸರಿ’ ಎಂದು ಕರೆಯುವ ವಸ್ತುಗಳಿಗೆ ನಮ್ಮ ಹಿರಿಯರ ‘ತೊಡುಗೆ’ ಎಂಬ ಮಾತು ಸಾಕಷ್ಟು ಸಮೀಪವಾದುದು. ಇಂತಹ ಪ್ರತಿಯೊಂದು ವಸ್ತುವಿಗೂ ನಮ್ಮ ಭಾಷೆ ಪ್ರತ್ಯೇಕವಾದ ಕ್ರಿಯಾಪದವನ್ನು ಕೊಟ್ಟಿದೆ. ಸೀರೆಯನ್ನು ಉಡುತ್ತೇವೆ, ಬಳೆಯನ್ನು ತೊಡುತ್ತೇವೆ, ಹೂವನ್ನು ಮುಡಿಯುತ್ತೇವೆ, ರುಮಾಲನ್ನು ಸುತ್ತುತ್ತೇವೆ, ಶಾಲನ್ನು ಹೊದೆಯುತ್ತೇವೆ. ಪಾದರಕ್ಷೆಯನ್ನು ಮಾತ್ರ ಮೆಟ್ಟುತ್ತೇವೆ. ಮೆಟ್ಟು ಎಂದರೆ ತುಳಿ ಎಂದೂ ಅರ್ಥವಷ್ಟೆ. ಭಾಷೆಯ ದೃಷ್ಟಿಯಿಂದ ಇದರಲ್ಲಿ ತಪ್ಪೇನೂ ಇಲ್ಲ. ಕಾಲ ಕೆಳಗಿನ ವಸ್ತುವನ್ನು ತುಳಿಯದೆ ಬೇರೇನು ಮಾಡಲು ಬಂದೀತು? ಆದರೆ ವಸ್ತುವಿಗೆ ಸಲ್ಲತಕ್ಕ ಆ ಕ್ರಿಯಾಪದವನ್ನು ಅದನ್ನು ಮಾಡಿದವನಿಗೂ ನಾವು ಸಲ್ಲಿಸುತ್ತ ಬಂದಿದ್ದೇವೆಯೇ ಎಂಬುದು ವಿಚಾರಿಸಬೇಕಾದ ಸಂಗತಿ.

ಈ ವಿಚಾರಕ್ಕೆ ಈಚೆಗೆ ಒಂದು ಒಳ್ಳೆಯ ನಿಮಿತ್ತವೊದಗಿದೆ. ಇಟಲಿ ದೇಶದ ಮಿಲಾನ್ ನಗರವು ಉಡುಪಿನ ಹೊಸ ಮಾದರಿಗಳನ್ನು ಲೋಕಕ್ಕೆ ತೋರಿಸುವ ಕೇಂದ್ರಗಳಲ್ಲಿ ಅಗ್ರಗಣ್ಯವಾದುದು. 2025ರ ಜೂನ್ 22ರಂದು ಅಲ್ಲಿ ಪ್ರಾಡಾ ಎಂಬ ಪ್ರಖ್ಯಾತ ಸಂಸ್ಥೆಯು ಮುಂದಿನ ವರ್ಷದ ಬೇಸಿಗೆಗಾಗಿ ಸಿದ್ಧಪಡಿಸಿದ ಪುರುಷರ ಉಡುಪುಗಳನ್ನು ಪ್ರದರ್ಶಿಸಿತು. ಉಡುಪು ಧರಿಸಿ ನಡೆದು ಬಂದ ತರುಣರಲ್ಲಿ ಕೆಲವರ ಕಾಲುಗಳಲ್ಲಿ ಹೆಬ್ಬೆರಳಿಗೆ ಉಂಗುಟವೂ ಪಾದದ ಮೇಲೆ ಅಡ್ಡಪಟ್ಟಿಯೂ ಇದ್ದ ಚಪ್ಪಲಿಗಳಿದ್ದವು. ಅಥಣಿಯ, ನಿಪ್ಪಾಣಿಯ, ಕೊಲ್ಲಾಪುರದ ಯಾವ ಬಾಲಕನಿಗೆ ತೋರಿಸಿದ್ದರೂ ಅವನು ಅವುಗಳ ಹೆಸರನ್ನು ಥಟ್ಟನೆ ಹೇಳಿಬಿಡುತ್ತಿದ್ದ. ಸಂಸ್ಥೆಯ ವಿವರಣೆಯಲ್ಲಿ ಮಾತ್ರ ಅವು ಬರಿಯ ‘ತೊಗಲಿನ ಚಪ್ಪಲಿ’ಗಳಾಗಿದ್ದವು. ಊರಿಲ್ಲ, ನಾಡಿಲ್ಲ, ಮಾಡಿದ ಜನರ ಪ್ರಸ್ತಾಪವಿಲ್ಲ.

ನಮ್ಮ ದೇಶದಲ್ಲಿ ದೊಡ್ಡ ಕೋಲಾಹಲವೆದ್ದಿತು. ಮಹಾರಾಷ್ಟ್ರದ ವಾಣಿಜ್ಯ ಮಂಡಳಿ ಆಕ್ಷೇಪಿಸಿ ಪತ್ರ ಬರೆಯಿತು. ಭಾರತದ ಶತಮಾನಗಳ ಪರಂಪರೆಯುಳ್ಳ ಕೈಕಸುಬಿನ ಪಾದರಕ್ಷೆಗಳಿಂದ ತಮಗೆ ಪ್ರೇರಣೆ ದೊರೆಯಿತೆಂದು ಪ್ರಾಡಾ ಒಪ್ಪಿಕೊಂಡಿತು. ಈ ಚಪ್ಪಲಿಯ ಕಸುಬುದಾರರು ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗಗಳಲ್ಲಿಯೂ ಇದ್ದಾರೆ, ಮನ್ನಣೆಯಲ್ಲಿ ಅವರಿಗೂ ಪಾಲು ಸಲ್ಲಬೇಕು ಎಂದು ಕರ್ನಾಟಕದ ಸಚಿವರಾದ ಶ್ರೀ ಪ್ರಿಯಾಂಕ್ ಖರ್ಗೆಯವರು ನೆನಪಿಸಿದರು. ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ಕೆಲವು ವಕೀಲರು ಸಲ್ಲಿಸಿದ ಅರ್ಜಿ ಜುಲೈ ತಿಂಗಳಲ್ಲಿ ವಜಾ ಆಯಿತು. ಹಕ್ಕು ಯಾರ ಹೆಸರಿನಲ್ಲಿ ನೋಂದಣಿಯಾಗಿದೆಯೋ ಅವರೇ ಕೇಳಬೇಕೆಂಬುದು ಅಲ್ಲಿ ಎದ್ದ ಮುಖ್ಯ ಪ್ರಶ್ನೆ. ಕೊನೆಗೆ ಅದೇ ವರ್ಷ ಡಿಸೆಂಬರಿನಲ್ಲಿ ಪ್ರಾಡಾ ಸಂಸ್ಥೆಗೂ ಮಹಾರಾಷ್ಟ್ರ ಮತ್ತು ಕರ್ನಾಟಕ ಸರ್ಕಾರಗಳ ಚರ್ಮೋದ್ಯಮ ನಿಗಮಗಳಿಗೂ ಒಡಂಬಡಿಕೆಯಾಯಿತು. ಎರಡೂ ರಾಜ್ಯಗಳ ಕಸುಬುದಾರರಿಂದ 2,000 ಜೊತೆ ಚಪ್ಪಲಿಗಳನ್ನು ಮಾಡಿಸುವುದಾಗಿಯೂ ಒಂದು ಜೊತೆಗೆ ಸುಮಾರು 800 ಯೂರೋ ಬೆಲೆಯಿಡುವುದಾಗಿಯೂ ಪ್ರಕಟಿಸಲಾಯಿತು. ನಮ್ಮ ಲೆಕ್ಕದಲ್ಲಿ ಇದು ಎಂಬತ್ತು ಸಾವಿರ ರೂಪಾಯಿಗಿಂತ ಹೆಚ್ಚು! ಸಂತೆಯಲ್ಲಿ ನೂರು ರೂಪಾಯಿ ಕಡಿಮೆ ಮಾಡೆಂದು ಅದೇ ಚಪ್ಪಲಿಗೆ ಕಾಲು ಗಂಟೆ ಚೌಕಾಸಿ ಮಾಡಿದವರಲ್ಲಿ ಈ ಲೇಖಕನೂ ಒಬ್ಬನೆಂದು ಒಪ್ಪಿಕೊಳ್ಳುವುದು ಒಳ್ಳೆಯದು.

ಈ ಪಾದರಕ್ಷೆಗೆ ‘ಕೊಲ್ಲಾಪುರಿ’ ಎಂಬ ಹೆಸರು ಬಂದುದು ಮಾರಾಟದ ಪೇಟೆಯಿಂದ. ಕೊಲ್ಲಾಪುರ ಸಂಸ್ಥಾನದ ಛತ್ರಪತಿ ಶಾಹೂ ಮಹಾರಾಜರು (ಆಳ್ವಿಕೆ 1894–1922) ಈ ಕಸುಬಿಗೆ ವಿಶೇಷ ಪ್ರೋತ್ಸಾಹವಿತ್ತರು. ಆದರೆ ಕಸುಬಿನ ಕೈಗಳು ಗಡಿಯ ಎರಡೂ ಬದಿಗೆ ಹಬ್ಬಿದ್ದವು. ಅಥಣಿಯ ಸುತ್ತಲಿನ ಮನೆಗಳಲ್ಲಿ ಹೊಲಿದ ಚಪ್ಪಲಿ ಕೊಲ್ಲಾಪುರದ ಅಂಗಡಿಯನ್ನು ಸೇರಿ ಅಲ್ಲಿನ ಹೆಸರನ್ನು ಪಡೆಯುತ್ತಿತ್ತು. ಆದ್ದರಿಂದಲೇ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆಯನ್ನು ಕೊಡುವಾಗ ಅದನ್ನು ಎರಡು ರಾಜ್ಯಗಳಿಗೆ ಜಂಟಿಯಾಗಿ ಕೊಡಲಾಯಿತು. ಕೊಲ್ಲಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ ಜಿಲ್ಲೆಗಳೊಡನೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿವೆ. ಗಡಿಯ ವಿಷಯದಲ್ಲಿ ಎಂದೂ ಒಮ್ಮತಕ್ಕೆ ಬಾರದ ಎರಡು ರಾಜ್ಯಗಳನ್ನು ಒಂದು ಜೊತೆ ಚಪ್ಪಲಿ ಒಂದೇ ಕಾಗದದ ಮೇಲೆ ಕೂಡಿಸಿದ್ದು ಸಣ್ಣ ಮಾತಲ್ಲ.

ಇನ್ನು ಇದರ ರಚನಾಕ್ರಮ. ನಮ್ಮ ಶಾಲೆಗಳ ವಿಜ್ಞಾನದ ಪಾಠದಲ್ಲಿ ಇದಕ್ಕೆ ಸ್ಥಾನವಿಲ್ಲದಿರುವುದು ವಿಷಾದಕರ. ಏಕೆಂದರೆ ಇದರಲ್ಲಿ ರಸಾಯನಶಾಸ್ತ್ರವೂ ಇದೆ, ಅಂಗರಚನೆಯ ತಿಳಿವಳಿಕೆಯೂ ಇದೆ. ಹಸಿ ತೊಗಲನ್ನು ಮೊದಲು ಸುಣ್ಣದ ನೀರಿನಲ್ಲಿ ನೆನೆಹಾಕಿ ಕೂದಲನ್ನು ತೆಗೆಯುತ್ತಾರೆ. ಬಳಿಕ ಜಾಲಿಮರದ ತೊಗಟೆ ಮತ್ತು ಅಳಲೆಕಾಯಿಗಳ ಕಷಾಯದಿಂದ ಅದನ್ನು ಹದಗೊಳಿಸುತ್ತಾರೆ. ಹಳೆಯ ಪದ್ಧತಿಯಂತೆ ತೊಗಲನ್ನೇ ಚೀಲದಂತೆ ಹೊಲಿದು, ಒಳಗೆ ಈ ಕಷಾಯವನ್ನು ತುಂಬಿ ತೂಗಹಾಕುವುದುಂಟು. ಒಗರು ರಸವು ತೊಗಲಿನ ಎಳೆಎಳೆಯೊಳಗೂ ಇಳಿದು ಅದು ಕೊಳೆಯದಂತೆ ಮಾಡುತ್ತದೆ. ಕೃತಕ ರಾಸಾಯನಿಕಗಳಿಂದ ದಿನವೊಂದೆರಡರಲ್ಲಿ ಮುಗಿಯಬಹುದಾದ ಕೆಲಸಕ್ಕೆ ಇಲ್ಲಿ ವಾರಗಳು ಬೇಕು. ಆದರೆ ಹೀಗೆ ಹದಗೊಂಡ ತೊಗಲು ಬೆವರನ್ನು ಹೀರಿಕೊಳ್ಳುತ್ತದೆ, ಬೇಸಿಗೆಯಲ್ಲಿ ಪಾದವನ್ನು ತಂಪಾಗಿಡುತ್ತದೆ.

ಅಟ್ಟೆಗೆ ದಪ್ಪನಾದ ಎಮ್ಮೆಯ ತೊಗಲು. ಮೇಲಿನ ಪಟ್ಟಿಗೆ, ಹೆಣಿಗೆಗೆ ತೆಳುವಾದ ತೊಗಲು. ರಂಪಿಗೆಯಿಂದ ಕತ್ತರಿಸಿದ ಪದರಗಳನ್ನು ತೊಗಲಿನ ದಾರದಿಂದಲೇ ಹೊಲಿಯುವುದು ಈ ಕಲೆಯ ಹೆಗ್ಗಳಿಕೆ. ನಿಜವಾದ ಕೊಲ್ಲಾಪುರಿಯಲ್ಲಿ ಮೊಳೆಯಿರುವುದಿಲ್ಲ. ಕೊಳ್ಳುವವರು ಪರೀಕ್ಷಿಸಬೇಕಾದ ಮೊದಲ ಲಕ್ಷಣವೇ ಇದು. ಪಾದದ ಎರಡೂ ಬದಿಗೆ ಚಾಚಿದ ‘ಕಿವಿ’ಗಳು ಪಟ್ಟಿಯನ್ನು ಹಿಡಿದಿಡುತ್ತವೆ, ಪಟ್ಟಿಯ ಮೇಲೆ ಕೂದಲೆಳೆಯಂತೆ ಸೀಳಿದ ತೊಗಲಿನ ಜಡೆಯನ್ನು ಹೆಣೆದು ಕೂಡಿಸುತ್ತಾರೆ. ಈ ಹೆಣಿಗೆಯ, ಹೊಲಿಗೆಯ ನಾಜೂಕಿನ ಕೆಲಸದಲ್ಲಿ ಬಹುಪಾಲು ಮನೆಯ ಹೆಂಗಸರದು. ಕಾಪಶಿ ಎಂಬ ಊರಿನ ಹೆಸರಿನಿಂದಲೇ ಪ್ರಸಿದ್ಧವಾದ ಬಗೆಯೊಂದಿದೆ; ಊರ ಹೆಸರನ್ನೇ ಮಾದರಿಯ ಹೆಸರಾಗಿಸುವಷ್ಟು ಕಲೆಗಾರಿಕೆ ಅಲ್ಲಿತ್ತೆಂದು ತಿಳಿಯಬೇಕು. ಹೊಸ ಚಪ್ಪಲಿ ಮೊದಲು ಬಿರುಸಾಗಿ ಕಾಲನ್ನು ಕಚ್ಚುತ್ತದೆ. ನಾಲ್ಕು ದಿನ ಎಣ್ಣೆ ಸವರಿ ಮೆಟ್ಟಿದರೆ ಅದು ಆ ಪಾದದ ಅಚ್ಚನ್ನೇ ತಳೆದು, ಇನ್ನೊಬ್ಬರ ಕಾಲಿಗೆ ಒಗ್ಗದಂತಾಗಿಬಿಡುತ್ತದೆ. ಕರ್ರ್ ಕರ್ರ್ ಎಂದು ಸದ್ದು ಮಾಡುವ ಜೋಡನ್ನು ಮೆಟ್ಟಿ ಬರುವ ಗೌಡರನ್ನು ಓಣಿಯ ತುದಿಯಲ್ಲಿಯೇ ಗುರುತಿಸಿ ನಾವು ಹುಡುಗರು ಆಟ ನಿಲ್ಲಿಸುತ್ತಿದ್ದೆವು.

ಅಥಣಿಯ ಮಾತು ಬಂದುದರಿಂದ ಇನ್ನೊಂದು ಸಂಗತಿ. ಮಿಲಾನಿನವರು ನಮ್ಮನ್ನು ಕಂಡುಹಿಡಿದರೆಂದು ಪತ್ರಿಕೆಗಳು ಬರೆದುದು ಪೂರ್ಣ ಸತ್ಯವಲ್ಲ. ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿಯೇ ಅಥಣಿಯ ಕಸುಬುದಾರ ಕುಟುಂಬಗಳ ಹೆಂಗಸರು ಸ್ವಸಹಾಯ ಸಂಘಗಳನ್ನು ಕಟ್ಟಿಕೊಂಡು, ‘ಟೋ ಹೋಲ್ಡ್’ ಎಂಬ ಹೆಸರಿನಲ್ಲಿ ಹೊಸ ವಿನ್ಯಾಸದ ಚಪ್ಪಲಿಗಳನ್ನು ವಿದೇಶಗಳಿಗೆ ಕಳಿಸತೊಡಗಿದ್ದರು. ಆ ಬಗೆಗೆ ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? 1976ರಲ್ಲಿ ಸ್ಥಾಪಿತವಾದ ರಾಜ್ಯದ ಚರ್ಮೋದ್ಯಮ ನಿಗಮವಾದ ಲಿಡ್ಕರ್‌ನ ಮಳಿಗೆಯೊಳಗೆ ಕಾಲಿಟ್ಟವರು ಎಷ್ಟು ಜನ? ಹೊರಗಿನವರು ಹೆಸರು ಹೇಳಲಿಲ್ಲವೆಂದು ಸಿಟ್ಟಾಗುವ ಮೊದಲು, ನಾವು ಹೇಳಿದ್ದೆವೇ ಎಂಬ ಪ್ರಶ್ನೆ ಬರುತ್ತದೆ.

ನಮ್ಮ ಪರಂಪರೆಯಲ್ಲಿ ಹೇಳಿದ್ದರು ಎಂಬುದಕ್ಕೆ ಬಲವಾದ ಸಾಕ್ಷ್ಯವಿದೆ. ಹನ್ನೆರಡನೆಯ ಶತಮಾನದ ಶರಣರ ಹೆಸರುಗಳನ್ನು ಒಮ್ಮೆ ಗಮನಿಸಬೇಕು: ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮೇದಾರ ಕೇತಯ್ಯ, ಅಂಬಿಗರ ಚೌಡಯ್ಯ, ಹಡಪದ ಅಪ್ಪಣ್ಣ. ಕಾಯಕವು ಇಲ್ಲಿ ಹೆಸರಿನ ಹಿಂದೆ ಅಡಗಿಲ್ಲ. ಹೆಸರಿಗೂ ಮುಂದೆ ನಿಂತಿದೆ. ಸಮಗಾರ ಹರಳಯ್ಯನವರ ಕಥೆಯನ್ನು ಈ ಸಂಚಿಕೆಯ ಓದುಗರಿಗೆ ಹೇಳಬೇಕಾದುದಿಲ್ಲ. ತಾನು ಹೇಳಿದ ಒಂದು ಶರಣಿಗೆ ಪ್ರತಿಯಾಗಿ ಬಸವಣ್ಣನವರು ಎರಡು ಶರಣು ಹೇಳಿದರೆಂದು, ಆ ಋಣವನ್ನು ತೀರಿಸಲು ಹರಳಯ್ಯ-ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆಗಳನ್ನು ಮಾಡಿದರೆಂದೂ, ಬಸವಣ್ಣನವರು ಅವುಗಳನ್ನು ಮೆಟ್ಟದೆ ತಲೆಯ ಮೇಲಿಟ್ಟುಕೊಂಡರೆಂದೂ ಶರಣರ ಚರಿತೆಗಳು ಹೇಳುತ್ತವೆ. ಮೇಲೆ ಹೇಳಿದ ಕ್ರಿಯಾಪದವು ಇಲ್ಲಿ ತಲೆಕೆಳಗಾಯಿತೆಂಬುದನ್ನು ಭಾಷಾಶಿಕ್ಷಕನಾಗಿ ನಾನು ಮರೆಯಲಾರೆ. ಮುಂದೆ ಅವರ ಮಗ ಶೀಲವಂತನಿಗೂ ಮಧುವರಸರ ಮಗಳಿಗೂ ನಡೆದ ಮದುವೆ, ಅದಕ್ಕಾಗಿ ಹಿರಿಯರಿಬ್ಬರಿಗೂ ವಿಧಿಸಿದ ಘೋರಶಿಕ್ಷೆ, ಕಲ್ಯಾಣದ ಕ್ರಾಂತಿ ಇವೆಲ್ಲ ವಾಚಕರಿಗೆ ವಿದಿತವಾದವು.

ಈಗ ನನ್ನದೇ ಒಂದು ಲೋಪವನ್ನು ನಿವೇದಿಸಬೇಕಾಗಿದೆ. 1986ರ ಜನವರಿಯಲ್ಲಿ ನಾನು ಗಡಿಭಾಗದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಶಿಕ್ಷಕನಾಗಿದ್ದೆ. ವಾರ್ಷಿಕ ಸ್ನೇಹಸಮ್ಮೇಳನಕ್ಕೆ ಹರಳಯ್ಯನವರ ನಾಟಕವನ್ನು ಆಡಿಸಿದೆವು. ರಂಗದ ಮೇಲೆ ತರಬೇಕಾದ ಪಾದರಕ್ಷೆಗಳು ಸಾಧಾರಣವಾಗಿರಬಾರದೆಂದು, ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನ ತಂದೆಯವರನ್ನು ಕೇಳಿದೆ. ಅವರು ಹೊಳೆಯಾಚೆಯ ಓಣಿಯಲ್ಲಿ ಕೊಲ್ಲಾಪುರಿ ಹೊಲಿಯುತ್ತಿದ್ದರು. ಹದಿನೈದು ದಿನಕ್ಕೆ ಅವರು ತಂದುಕೊಟ್ಟ ಜೋಡನ್ನು ಕಂಡು ನಮ್ಮ ಚಿತ್ರಕಲಾ ಶಿಕ್ಷಕರು ಕೈಗೆತ್ತಿಕೊಂಡು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿದರು. ಅಂಚಿನಲ್ಲಿ ಜೋಳದ ತೆನೆಯಂತೆ ಹೆಣೆದ ಜಡೆ. ಕಿವಿಗಳ ಮೇಲೆ ಎಣಿಸಲಾಗದಷ್ಟು ಸಣ್ಣ ಚುಕ್ಕೆಗಳ ಸಾಲು. ಬೆಲೆ ಎಷ್ಟೆಂದು ಕೇಳಿದಾಗ, “ಹರಳಯ್ಯನವರ ನಾಟಕಕ್ಕ ರೊಕ್ಕ ತಗೋಬೇಕೇನ್ರಿ ಗುರುಗಳ?” ಎಂದರು.

ನಾಟಕ ಚೆನ್ನಾಗಿ ನಡೆಯಿತು. ಮುದ್ರಿತ ಕಾರ್ಯಕ್ರಮ ಪತ್ರಿಕೆಯನ್ನು ಸಿದ್ಧಪಡಿಸಿದವನು ನಾನೇ. ಪರದೆ ಕೊಟ್ಟವರ ಹೆಸರು ಅದರಲ್ಲಿತ್ತು. ಹಾರ್ಮೋನಿಯಂ ಕೊಟ್ಟವರದು, ದೀಪದ ವ್ಯವಸ್ಥೆಯವರದು, ಪ್ರಸಾದದ ಅಕ್ಕಿ-ಬೆಲ್ಲ ಕೊಟ್ಟ ದಾನಿಗಳದು, ಎಲ್ಲವೂ ಇದ್ದವು. ಪಾದರಕ್ಷೆ ಮಾಡಿದವರದು ಇರಲಿಲ್ಲ. ಬೇಕೆಂದು ಬಿಟ್ಟುದಲ್ಲ, ಹೊಳೆಯಲೇ ಇಲ್ಲ. ಪ್ರತಿವರ್ಷ ಜೂನ್ ತಿಂಗಳಲ್ಲಿ ಶಾಲಾ ದಾಖಲೆಯ ತಂದೆಯ ಕಾಲಮಿನಲ್ಲಿ ನನ್ನ ಕೈಯಾರೆ ಬರೆಯುತ್ತಿದ್ದ ಹೆಸರು ಅದು. ಸಭೆಯ ಕೊನೆಯ ಸಾಲಿನಲ್ಲಿ ಅವರು ಪತ್ನಿಯೊಡನೆ ಕುಳಿತಿದ್ದರು. ಹರಳಯ್ಯನ ಪಾತ್ರಧಾರಿಗೆ ಪದಕ ತೊಡಿಸಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಅವರೇ ಎಂದು ಮರುದಿನ ಜವಾನನು ಹೇಳಿದ.

ಮಿಲಾನಿನ ಸುದ್ದಿಯನ್ನು ಓದಿದ ದಿನ ನನಗೆ ಈ ಕಾರ್ಯಕ್ರಮ ಪತ್ರಿಕೆ ನೆನಪಾಯಿತು. ಪ್ರಾಡಾದವರಾದರೂ ನಾಲ್ಕಾರು ದಿನಗಳಲ್ಲಿ ಒಪ್ಪಿಕೊಂಡರು; ನಾನು ಸುಮಾರು ನಲವತ್ತು ವರ್ಷ ತೆಗೆದುಕೊಂಡೆ. ಈ ಸಂಚಿಕೆಗೆ ಲೇಖನ ಬರೆಯಬೇಕೆಂಬ ಆದೇಶ ಬಂದಾಗ, ದಿವಂಗತರಾದ ಆ ಕಲೆಗಾರರ ಹೆಸರನ್ನು ಇಲ್ಲಿ ಪೂರ್ಣವಾಗಿ ಅಚ್ಚು ಮಾಡಿಸಬೇಕೆಂದು ನಿಶ್ಚಯಿಸಿ, ಅವರ ಮಗನಿಗೆ ದೂರವಾಣಿ ಮಾಡಿದೆ. ಅವನು ಈಗ ದೊಡ್ಡ ನಗರವೊಂದರಲ್ಲಿ ಒಳ್ಳೆಯ ಹುದ್ದೆಯಲ್ಲಿದ್ದಾನೆ. ವಿಷಯವನ್ನು ಕೇಳಿ ಬಹಳ ಹೊತ್ತು ಸುಮ್ಮನಿದ್ದ. ಅನಂತರ, “ಬ್ಯಾಡ್ರಿ ಸರ. ಇಲ್ಲಿ ಆಫೀಸಿನ್ಯಾಗ ಯಾರಿಗೂ ಗೊತ್ತಿಲ್ರಿ. ನನ್ನ ಮಗಳಿಗೆ ವರ ನೋಡಾಕತ್ತೀವಿ” ಎಂದ.

ಇಂತಹ ಉತ್ತರವನ್ನು ನಾನು ನಿರೀಕ್ಷಿಸಿರಲಿಲ್ಲ. ಕಲೆಗಾರನ ಹೆಸರನ್ನು ಹೇಳಿಬಿಟ್ಟರೆ ಮನ್ನಣೆ ಸಂದಂತಾಯಿತೆಂಬುದು ಅಲ್ಲಿಯವರೆಗೆ ನನ್ನ ಸಿದ್ಧಾಂತವಾಗಿತ್ತು. ಹೆಸರಿನ ಜೊತೆಗೆ ಏನೇನು ಬರುತ್ತದೆಂಬುದು ಹೆಸರುಳ್ಳವರಿಗೆ ಗೊತ್ತು. ಹರಳಯ್ಯನವರ ಹೆಸರನ್ನು ವೇದಿಕೆಯ ಮೇಲಿಂದ ಕೂಗಿ ಹೇಳುವ ಊರಿನಲ್ಲಿಯೇ ಅದೇ ಕಾಯಕದ ಮನೆಯ ಹುಡುಗಿಗೆ ತನ್ನ ಅಜ್ಜನ ಕೈಚಳಕವನ್ನು ಮುಚ್ಚಿಡಬೇಕಾಗಿದೆ. ಹೊಸ ತಲೆಮಾರು ಈ ಕಸುಬನ್ನು ಬಿಡುತ್ತಿರುವುದಕ್ಕೆ ತೊಗಲಿನ ಅಭಾವ, ಅಗ್ಗದ ರೆಕ್ಸಿನ್ ಮತ್ತು ಪ್ಲಾಸ್ಟಿಕ್ ನಕಲುಗಳ ಹಾವಳಿ, ಮಧ್ಯವರ್ತಿಗಳ ಪಾಲು ಇತ್ಯಾದಿ ಕಾರಣಗಳನ್ನು ಹೇಳುತ್ತಾರೆ. ಅವೆಲ್ಲ ನಿಜವೇ. ಆದರೆ ಬೆಲೆ ಎಂಬತ್ತು ಸಾವಿರವಾದರೂ ಈ ಇನ್ನೊಂದು ಕಾರಣ ಹೋಗಲಾರದು. ಅದು ಹೋಗಬೇಕಾದದ್ದು ಮಿಲಾನಿನಿಂದಲ್ಲ, ನಮ್ಮ ಮದುವೆಯ ಮಾತುಕತೆಗಳಿಂದ, ನಮ್ಮ ವಸತಿನಿಲಯಗಳ ಪಂಕ್ತಿಗಳಿಂದ, ಸಿಟ್ಟು ಬಂದಾಗ ನಮ್ಮ ಬಾಯಿಗೆ ಬರುವ ಬೈಗುಳಗಳಿಂದ. ಶಿಕ್ಷಕ ಬಂಧುಗಳು ಕೊನೆಯದನ್ನಾದರೂ ತಮ್ಮ ತರಗತಿಗಳಲ್ಲಿ ನಾಳೆಯೇ ನಿಲ್ಲಿಸಬಹುದು.

ದೂರವಾಣಿಯನ್ನು ಇಡುವ ಮುನ್ನ ಅವನು, “ಸರ, ಆ ಜೋಡು ಇನ್ನೂ ಅದ ಏನ್ರಿ?” ಎಂದು ಕೇಳಿದ. ಇದೆ ಎಂದೆ. ನಾಟಕದ ಪೆಟ್ಟಿಗೆಯಲ್ಲಿ ಹಾಳಾದೀತೆಂದು ನಾನು ವರ್ಗವಾಗಿ ಬರುವಾಗ ಅದನ್ನು ಮುಖ್ಯೋಪಾಧ್ಯಾಯರ ಅಪ್ಪಣೆ ಪಡೆದು ಜೊತೆಗೆ ತಂದಿದ್ದೆ. ದೀಪಾವಳಿಯ ರಜೆಗೆ ಮಗಳನ್ನೂ ಕರೆದುಕೊಂಡು ಬರುವುದಾಗಿ, ಆಗ ಅದನ್ನು ಒಯ್ಯುವುದಾಗಿ ಹೇಳಿದ್ದಾನೆ. ಎಣ್ಣೆ ಸವರಿ, ಬಿಳಿಯ ಬಟ್ಟೆಯಲ್ಲಿ ಸುತ್ತಿ ಇಟ್ಟಿದ್ದೇನೆ.